ಓಕಿ ಮಾವನ ಕೆಂಪು ಬೊಟ್ಟು

ದೂರು ಬಂದದ್ದು ನವೆಂಬರ್ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ. ಗಂಡುಜಿಂಕೆ ಬೇಟೆ ಶುರುವಾಗುವ ದಿನ ಅದು. ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಅವತ್ತು ಶಾಲೆಗೆ ರಜೆ, ಗ್ಯಾರೇಜಿಗೆ ಬೀಗ, ಪಾದ್ರಿಯೂ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಯಾವುದೋ ಮರದ ಮೇಲೆ. ಶೆರಿಫ್ ಠಾಣೆಯಲ್ಲಿ ಉಳಿದವರು ಇಬ್ಬರೇ: ತನಿಖಾಧಿಕಾರಿ ಸಾರ್ಜೆಂಟ್ ವೋಂಡಾ ಕ್ಲೈನ್, ಮತ್ತು ಚೀಟಿ ಎತ್ತಿದಾಗ ಸೋತು ಡ್ಯೂಟಿಗೆ ಸಿಕ್ಕಿಕೊಂಡ ಡೆಪ್ಯುಟಿ ಡ್ವೇನ್ ಮಾರ್ಕಮ್.

ಫೋನ್ ಮಾಡಿದವಳು ವಿಲ್ಮಾ ಟೋಲರ್, ಆಸ್ಪತ್ರೆಯಿಂದ. ಬೆಳಕು ಹರಿಯುವಾಗ ಅವಳ ಗಂಡ ಹೋಬರ್ಟ್ ಮೊದಲ ಗುಂಡು ಹಾರಿಸಿದ್ದಾನೆ. ಕೋವಿ ಕೈಯಲ್ಲೇ ಸಿಡಿದಿದೆ. ಎಡಗೈಯ ಎರಡು ಬೆರಳು ಹೋಗಿವೆ, ಕಣ್ಣು ಉಳಿದದ್ದು ಕನ್ನಡಕದ ಪುಣ್ಯ. ಆ ಕಾಡತೂಸಿಗೆ ಮನೆಯಲ್ಲೇ ಮದ್ದು ತುಂಬಿಕೊಟ್ಟವನು ಅವನ ಭಾವ ಓಕಿ ಹಾರ್ಲೆಸ್. ಮಿಕ್ಕ ಕಾಡತೂಸುಗಳ ಡಬ್ಬಿ ಟ್ರಕ್ಕಿನ ಮುಂಗಾಜಿನ ಕೆಳಗೆ ಇರಬೇಕಿತ್ತು. ಈಗ ಇಲ್ಲ.

"ಯಾರನ್ನೂ ಹಿಡಿದು ಒಳಗೆ ಹಾಕು ಅಂತ ನಾನು ಹೇಳ್ತಿಲ್ಲ ವೋಂಡಾ. ಆ ಡಬ್ಬಿ ಹುಡುಕಿಕೊಡು. ಇವತ್ತು ಕಣಿವೇಲಿ ಅರ್ಧಕ್ಕರ್ಧ ಗಂಡಸರ ಕೋವಿ ಒಳಗಿರೋದು ಓಕಿ ತುಂಬಿದ್ದೇ."

ವೋಂಡಾ ದೂರು ಬರೆದುಕೊಂಡಳು. ಓಕಿ ಹಾರ್ಲೆಸ್ ಎಂಬ ಹೆಸರು ಬರೆಯುವಾಗ ಮಾತ್ರ ಪೆನ್ನು ಸ್ವಲ್ಪ ತಡೆಯಿತು.

ಅವಳಿಗೆ ಅವನು ಓಕಿ ಮಾವ, ರಕ್ತಸಂಬಂಧವೇನೂ ಇಲ್ಲದಿದ್ದರೂ. ಅವಳ ಅಪ್ಪ ಗಣಿಯ ಚಾವಣಿ ಕುಸಿದು ಸತ್ತಾಗ ಅವಳಿನ್ನೂ ಶಾಲೆಯ ಹುಡುಗಿ. ಸಾವಿಗೆ ದೇವರೇ ಕಾರಣ ಎಂದು ಕಂಪನಿ ಹೇಳಿತು. ಸರಕಾರಿ ವಕೀಲರ ಕಚೇರಿ ಹೌದೆಂದು ತಲೆಯಾಡಿಸಿ ಕಡತ ಮುಚ್ಚಿತು. ದೇವರ ಮೇಲೆ ಯಾರು ಕೇಸು ಹಾಕುತ್ತಾರೆ? ಆ ಚಳಿಗಾಲದಲ್ಲಿ ಅಪ್ಪನ ಗಣಿಯ ಜೊತೆಗಾರ ಓಕಿ ಆ ಹುಡುಗಿಯನ್ನು ತನ್ನ ಹಿಂದಿನ ಕೋಣೆಗೆ ಕರೆದೊಯ್ದು, ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಾಡತೂಸು ತುಂಬುವುದನ್ನು ಕಲಿಸಿದ್ದ. ಬೇಟೆಗಾಗಿ ಕಲಿಸಿದನೋ, ಹುಡುಗಿ ಅಳದೆ ಒಂದು ಗಂಟೆ ಕೂರಲಿ ಎಂದು ಕಲಿಸಿದನೋ, ಅವಳು ಕೇಳಿರಲಿಲ್ಲ.

ಅವನ ನಿಯಮಗಳು ಕಟ್ಟುನಿಟ್ಟು: ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಎರಡನೆಯದು ಬರಬೇಕಾದರೆ ಮೊದಲನೆಯದು ಬೀರು ಸೇರಬೇಕು. ಮದ್ದು ಅದರ ಸ್ವಂತ ಡಬ್ಬಿಯಲ್ಲೇ ಇರಬೇಕು, ಉಪ್ಪಿನಕಾಯಿ ಜಾಡಿಯಲ್ಲಲ್ಲ. ರೇಡಿಯೋ ಇಲ್ಲ, ಬಿಯರ್ ಇಲ್ಲ, ಸಿಗರೇಟಂತೂ ಹೊಸ್ತಿಲಿನಾಚೆ. ಮಧ್ಯದಲ್ಲಿ ಎದ್ದೆಯೋ, ಮನೆಗೇ ಬೆಂಕಿ ಬಿದ್ದು ಎದ್ದಿದ್ದರೂ ಸರಿ, ಬಂದು ಎಲ್ಲವನ್ನೂ ಸುರಿದು ಮೊದಲಿನಿಂದ ಶುರುಮಾಡು. ತೂಗಿ ನೋಡು. ಗುಂಡು ಕೂರಿಸುವ ಮೊದಲು ಪ್ರತಿ ಹಿತ್ತಾಳೆ ಕೊಳವೆಯೊಳಗೂ ಟಾರ್ಚ್ ಬಿಟ್ಟು ನೋಡು. ಯಾವ ಮದ್ದೆಂದು ಗೊತ್ತಿಲ್ಲದಿದ್ದರೆ ಊಹಿಸಬೇಡ. ಗುಲಾಬಿ ಗಿಡದ ಬುಡಕ್ಕೆ ತೆಳ್ಳಗೆ ಚೆಲ್ಲು, ಗೊಬ್ಬರವಾಗುತ್ತದೆ. ಸೀಸ ಹತ್ತಿದ ಕೈ ತೊಳೆಯದೆ ತಿಂಡಿ ಮುಟ್ಟಿದರೆ ಓಕಿಯ ಹೆಂಡತಿ ಡೆಲ್ಫಾ ಅತ್ತೆ ಸೌಟಿನಿಂದಲೇ ಬಡಿಯುತ್ತಿದ್ದಳು. ಇಷ್ಟೆಲ್ಲ ಆದ ಮೇಲೆ, ಇನ್ನು ಅನುಮಾನವಿಲ್ಲ ಅನ್ನಿಸಿದ ಕಾಡತೂಸಿನ ತಳದಲ್ಲಿ ಕಿಡಿ ಹೊತ್ತಿಸುವ ಕೇಪಿನ ಮೇಲೆ ಡೆಲ್ಫಾಳ ಕೆಂಪು ಉಗುರುಬಣ್ಣದಿಂದ ಓಕಿ ಒಂದು ಬೊಟ್ಟು ಇಡುತ್ತಿದ್ದ. ತೇವ ಒಳಗೆ ಹೋಗದಿರಲಿ ಎಂಬುದು ನೆಪ. ಅದು ಅವನ ರುಜು. ಗಣಿ ಮುಚ್ಚಿ, ಅಂಗಡಿಯ ಕಾಡತೂಸು ಕೈಗೆಟುಕದಂತಾದ ಮೇಲೆ, ಕಣಿವೆ ಚಳಿಗಾಲದ ಮಾಂಸ ತಿಂದದ್ದು ಆ ಕೆಂಪು ಬೊಟ್ಟನ್ನು ನಂಬಿ. ಓಕಿ ಯಾರಿಂದಲೂ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಸೇಬಿನ ಪೈ, ಒಂದು ಜಿಂಕೆ ತೊಡೆ, ಸಾಕು.

ಮೊದಲ ಕೆಲಸ, ಮಿಕ್ಕವರ ಕೈ ಉಳಿಸುವುದು. ವೋಂಡಾ ಚರ್ಚಿನ ಹೆಂಗಸರಿಗೆ ಫೋನ್ ಮಾಡಿದಳು. ಶೆರಿಫರ ಸೈರನ್ ಒಂದು ದಿನದಲ್ಲಿ ಮುಟ್ಟಿಸಲಾರದ ಸುದ್ದಿಯನ್ನು ಆ ಹೆಂಗಸರು ಒಂದು ಗಂಟೆಯಲ್ಲಿ ಮುಟ್ಟಿಸುತ್ತಾರೆ. ಮಧ್ಯಾಹ್ನದೊಳಗೆ ಗಂಡಸರು ಒಬ್ಬೊಬ್ಬರಾಗಿ ಗುಡ್ಡದಿಂದಿಳಿದು ಬಂದು, ಗೊಣಗುತ್ತ, ಅಗ್ನಿಶಾಮಕ ಠಾಣೆಯ ಉದ್ದನೆಯ ಮೇಜಿನ ಮೇಲೆ ಡಬ್ಬಿಗಳನ್ನು ಇಟ್ಟು ಹೋದರು. ಓಕಿ ತಪ್ಪು ಮಾಡಿದ ಎಂದು ಒಬ್ಬನೂ ಅನ್ನಲಿಲ್ಲ. ಹೋಬರ್ಟನೇ ಏನೋ ಎಡವಟ್ಟು ಮಾಡಿರಬೇಕು ಎಂದರು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ದಿಬ್ಬದ ಮೇಲಿನ ಓಕ್ ಮರದ ಬುಡದಲ್ಲಿ ಕೋವಿ ಬಿದ್ದಿತ್ತು. ಮರದ ಹಿಡಿ ಎರಡು ಸೀಳಾಗಿತ್ತು, ಮದ್ದಿನ ಗೂಡು ಉಬ್ಬಿ ಬಿರಿದಿತ್ತು. ನಳಿಗೆಯೊಳಗೆ ಮಣ್ಣಾಗಲಿ ತುಕ್ಕಾಗಲಿ ಇರಲಿಲ್ಲ. ಮ್ಯಾಗಜಿನ್ನಿನಲ್ಲಿ ಮೂರು ಜೀವಂತ ಕಾಡತೂಸು ಸಿಕ್ಕವು, ಮೂರರ ತಳದಲ್ಲೂ ಕೆಂಪು ಬೊಟ್ಟು. ವೋಂಡಾ ಅವನ್ನು ಲಕೋಟೆಗೆ ಹಾಕಿ ಮೊಹರು ಮಾಡಿಸಿದಳು.

ಒಂದು ಗಂಟೆಗೆ ಆಸ್ಪತ್ರೆಯಲ್ಲಿ ಹೋಬರ್ಟನ ಹೇಳಿಕೆ. ಕೈಗೆ ಕುಂಬಳಕಾಯಿ ಗಾತ್ರದ ಬ್ಯಾಂಡೇಜು.

"ನಳಿಗೆಗೆ ಮಣ್ಣು ಹೊಕ್ಕಿತ್ತು. ಹತ್ತುವಾಗ ಬಿದ್ದೆ. ಹಾಗಂತ ಬರ್ಕೋ."

"ನಳಿಗೆ ನೋಡ್ದೆ ಹೋಬರ್ಟ್ ಮಾವ. ಕನ್ನಡಿ ಇದ್ದಂಗಿದೆ."

"ಹಂಗಾದ್ರೆ ಕೋವಿಗೆ ವಯಸ್ಸಾಗಿತ್ತು. ನನ್ನ ಹಂಗೆ."

"ಜಿಂಕೆ ಏನಾಯ್ತು?"

"ನಿಂತು ನೋಡ್ತು. ಆಮೇಲೆ ನಡ್ಕೊಂಡು ಹೋಯ್ತು. ಓಡ್ಲೂ ಇಲ್ಲ ಕಣೇ. ಬೆರಳಿಗಿಂತ ಅದೇ ಉರೀತಿದೆ."

ಮಿಕ್ಕದ್ದನ್ನು ಅವನು ತೇಲಿಸಿ ಹೇಳಿದ. ರಕ್ತ ಸುರಿಯುವ ಕೈಗೆ ಅಂಗಿ ಸುತ್ತಿಕೊಂಡು ದಿಬ್ಬದ ಕೆಳಗಿರುವ ಓಕಿಯ ಮನೆಗೆ ಇಳಿದನಂತೆ. ಅವನ ಅಕ್ಕ ಡೆಲ್ಫಾ ಅವನನ್ನು ಅಲ್ಲೇ ನಿಲ್ಲಿಸಿದ್ದ ಅವನದೇ ಟ್ರಕ್ಕಿಗೆ ಹತ್ತಿಸಿ, ಟವೆಲ್ ತರಲು ಒಮ್ಮೆ ಒಳಗೆ ಓಡಿ, ಆಮೇಲೆ ಆಸ್ಪತ್ರೆಗೆ ಕರೆತಂದಳಂತೆ. ಡಬ್ಬಿ? ತಾನು ನೋಡಿಲ್ಲ. ಅವನ ಕಣ್ಣು ಕಿಟಕಿಯ ಕಡೆ ತಿರುಗಿತು.

"ಇನ್ನೇನು ಸಾರ್ಜೆಂಟ್, ಗೊತ್ತಾಯ್ತಲ್ಲ," ಎಂದ ಡ್ವೇನ್, ಹೊರಗೆ ಬಂದ ಮೇಲೆ. "ಗಂಡ ತಪ್ಪು ತುಂಬಿದ, ಹೆಂಡತಿ ಬಚ್ಚಿಟ್ಟಳು. ತಮ್ಮ ಬಾಯಿ ಮುಚ್ಕೊಂಡಿದ್ದಾನೆ."

ವೋಂಡಾಗೂ ಹಾಗೇ ಅನ್ನಿಸಿತ್ತು. ಅನ್ನಿಸಬಾರದಿತ್ತು ಎಂದೂ ಅನ್ನಿಸಿತ್ತು.

ಅಗ್ನಿಶಾಮಕ ಠಾಣೆಯಲ್ಲಿ ಇಬ್ಬರೂ ಕಣ್ಣಿಗೆ ಕನ್ನಡಕ ಹಾಕಿ ಕೂತರು. ಮೊದಲು ಹೋಬರ್ಟನ ಮೂರನ್ನು, ಗುಂಡು ಕೀಳುವ ಸುತ್ತಿಗೆಯಿಂದ ಒಂದೊಂದಾಗಿ ಬಿಚ್ಚಿ ಬಿಳಿ ಕಾಗದಕ್ಕೆ ಸುರಿದರು. ಕಾರಣ ಕಣ್ಣೆದುರಿಗೇ ಬಿತ್ತು. ರೈಫಲ್ಲಿನ ಮದ್ದು ಸಣ್ಣ ಕಡ್ಡಿಯ ಚೂರುಗಳಂತಿರುತ್ತದೆ, ನಿಧಾನ ಉರಿಯುತ್ತದೆ. ಕಾಗದದ ಮೇಲೆ ಆ ಕಡ್ಡಿಗಳ ಜೊತೆ ಚಪ್ಪಟೆ ಹಕ್ಕಳೆಗಳೂ ಇದ್ದವು. ಹಕ್ಕಳೆ ಪಿಸ್ತೂಲಿನ ಮದ್ದು, ಒಮ್ಮೆಲೇ ಭಗ್ಗೆನ್ನುವ ಜಾತಿ. ಒಂದರ ಉಳಿಕೆಯ ಮೇಲೆ ಇನ್ನೊಂದನ್ನು ಸುರಿದಿದ್ದರು. ಹೋಬರ್ಟ್ ಹಾರಿಸಿದ ಮೊದಲನೆಯದರಲ್ಲಿ ಹಕ್ಕಳೆಯೇ ಹೆಚ್ಚಿದ್ದಿರಬೇಕು.

ಬೇರೆಯವರ ಡಬ್ಬಿಗಳಿಂದ ಆರಿಸಿ ಬಿಚ್ಚಿದವೆಲ್ಲ ಸರಿಯಾಗಿದ್ದವು. ತೂಕ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಆದರೆ ಕಾಡತೂಸುಗಳನ್ನು ತಲೆಕೆಳಗೆ ಮಾಡಿ ಸಾಲಾಗಿ ನಿಲ್ಲಿಸಿದಾಗ ವೋಂಡಾ ಬೊಟ್ಟುಗಳನ್ನು ನೋಡುತ್ತ ಕೂತುಬಿಟ್ಟಳು. ಕೆಲವು ಕೇಪಿನ ಅಂಚು ದಾಟಿ ಹಿತ್ತಾಳೆಗೆ ಹರಿದಿದ್ದವು, ನಡುಗುವ ಕೈ ಇಟ್ಟಂತೆ. ಕೆಲವು ಅಂಚಿನೊಳಗೆ ದುಂಡಗೆ ನಿಂತಿದ್ದವು.

"ಎರಡು ಕೈ," ಎಂದಳು.

ಹಳೆಯ ಡಬ್ಬಿಗಳಲ್ಲಿ ದುಂಡನೆಯವು ಅಲ್ಲೊಂದು ಇಲ್ಲೊಂದು. ಈ ವರ್ಷದವುಗಳಲ್ಲಿ ಮುಕ್ಕಾಲುಪಾಲು ಅವೇ. ಹೋಬರ್ಟನ ಮೂರೂ ದುಂಡನೆಯವು.

ಮಂಗಳವಾರ ಬೆಳಿಗ್ಗೆ ಸರಕಾರಿ ವಕೀಲರು ತಾವಾಗಿಯೇ ಫೋನ್ ಮಾಡಿದರು. ಸಂಜೆಯೊಳಗೆ ಓಕಿ ಹಾರ್ಲೆಸ್‌ನ ಮೇಲೆ ಪ್ರಕರಣ ದಾಖಲಾಗಬೇಕು, ಅವನ ತುಂಬುವ ಮೇಜು, ಸಾಮಾನು, ಕೋವಿಗಳು ಜಪ್ತಾಗಬೇಕು. ಒಬ್ಬ ಗಣಿಕೆಲಸದವನು ಇನ್ನೊಬ್ಬನ ಬೆರಳು ಕಳೆದರೆ ನ್ಯಾಯಕ್ಕೆ ಎಂಥ ಅವಸರ ಬರುತ್ತದೆ. ಅವಳ ಅಪ್ಪನೂ ಸೇರಿ ಹದಿನಾಲ್ಕು ಜನರ ಮೇಲೆ ಚಾವಣಿ ಕೆಡವಿದವರ ವಿಷಯದಲ್ಲಿ ಅದೇ ನ್ಯಾಯಕ್ಕೆ ಮೊಣಕಾಲು ನೋವಿತ್ತು. ವೋಂಡಾ ಸರಿ ಸಾರ್ ಎಂದು ಫೋನಿಟ್ಟಳು. ಆ ಮೇಜು ಹೋದರೆ ಓಕಿ ಮಾವ ಅನ್ನುವ ಮನುಷ್ಯನಲ್ಲಿ ಉಳಿಯುವುದು ಬರೀ ಕೆಮ್ಮು ಎಂದು ಅವಳಿಗೆ ಗೊತ್ತಿತ್ತು.

ಹತ್ತು ಗಂಟೆಗೆ ಅವರು ಓಕಿಯ ಮನೆ ತಲುಪಿದರು. ಒಲೆಯ ಮೇಲೆ ಬೀನ್ಸ್ ಕಾಳು ಕುದಿಯುತ್ತಿತ್ತು, ಜೋಳದ ರೊಟ್ಟಿ ಬಾಣಲೆಯಲ್ಲಿತ್ತು. ಓಕಿಗೆ ವಯಸ್ಸು ಅರವತ್ತೊಂದು. ಎದೆ ಮಾತ್ರ ತೊಂಬತ್ತರದು. ಮೂಗಿನಲ್ಲಿ ಆಮ್ಲಜನಕದ ಕೊಳವೆ.

"ನಾನೇ ತುಂಬಿದ್ದು ಮಗಳೇ," ಎಂದ, ಅವಳು ಕೂರುವ ಮೊದಲೇ. "ಡಬ್ಬೀನೂ ನಾನೇ ಎತ್ತಿಟ್ಟೆ. ಬರ್ಕೋ, ರುಜು ಹಾಕ್ತೀನಿ. ಡೆಲ್ಫಿಗೇನೂ ಗೊತ್ತಿಲ್ಲ."

"ಡಬ್ಬಿ ಎಲ್ಲಿದೆ ಮಾವ?"

ಅವನು ಮೂಗಿನ ಕೊಳವೆ ಸರಿಮಾಡಿಕೊಂಡ. ಸುಳ್ಳನ್ನು ಅಷ್ಟು ದೂರದವರೆಗೆ ಯೋಚಿಸಿರಲಿಲ್ಲ.

"ಹೋಬರ್ಟಿನ ಡಬ್ಬಿ ತುಂಬಿದ ದಿನ ಪಿಸ್ತೂಲಿಗೂ ತುಂಬಿದ್ರಾ?"

"ಬೆಳಿಗ್ಗೆ ಹೋಬರ್ಟಿಂದು ತುಂಬ್ದೆ, ಅಷ್ಟೆ. ಪಿಸ್ತೂಲಿಂದು ಹಿಂದಿನ ದಿನವೇ ಮುಗ್ಸಿದ್ದೆ. ಒಂದು ದಿನಕ್ಕೆ ಒಂದೇ ಮದ್ದು. ನಿಂಗೆ ಕಲಿಸಿಲ್ವಾ ನಾನು?"

ಹಿಂದಿನ ಕೋಣೆಗೆ ಹೋದರು. ಆಮ್ಲಜನಕದ ಯಂತ್ರ ಅತ್ತಲೇ ಉಳಿಯಿತು. ಅದನ್ನು ಅವನು ಆ ಹೊಸ್ತಿಲು ದಾಟಿಸಿದವನಲ್ಲ. ಮೇಜು ಒರೆಸಿಟ್ಟಂತಿತ್ತು. ಮೇಲೆ ಒಂದೇ ಡಬ್ಬಿ. ಬಿಚ್ಚಿದ ಒಂದು ಕಾಡತೂಸಿನ ಮದ್ದನ್ನು ತೂಗಿಕೊಡಿ ಎಂದು ವೋಂಡಾ ಕೇಳಿದಳು. ಬೇರೇನೂ ಉದ್ದೇಶವಿರಲಿಲ್ಲ, ಡ್ವೇನ್ ಎದುರು ಅವನ ತಕ್ಕಡಿ ಸರಿಯಿದೆ ಎಂದು ದಾಖಲಾಗಲಿ ಅನ್ನುವುದಷ್ಟೆ. ಓಕಿ ತಟ್ಟೆಯನ್ನು ಸಲೀಸಾಗಿ ಕೂರಿಸಿದ. ಅವಳು ಲಕೋಟೆ ಬಿಡಿಸುತ್ತಿದ್ದಳು, ಮದ್ದನ್ನಿನ್ನೂ ಸುರಿದಿರಲಿಲ್ಲ.

"ನೋಡು," ಎಂದ ಓಕಿ, ತಕ್ಕಡಿಯ ಕಡೆ ಬಾಗಿ. "ಮುಳ್ಳು ಗೆರೆ ಮೇಲೇ ನಿಂತಿದೆ. ಸರಿಯಾಗಿದೆ."

ತಟ್ಟೆ ಖಾಲಿ ಇತ್ತು. ಮುಳ್ಳು ಗೆರೆಯಿಂದ ಎಷ್ಟೋ ದೂರದಲ್ಲಿ ತಲೆ ಕೆಳಗೆ ಹಾಕಿತ್ತು. ಡ್ವೇನ್ ಬಾಯಿ ತೆರೆದ. ವೋಂಡಾ ಅವನ ಬೂಟಿನ ಮೇಲೆ ಬಲವಾಗಿ ಕಾಲಿಟ್ಟಳು. ಬಾಗಿಲಲ್ಲಿ ಡೆಲ್ಫಾ ಅತ್ತೆ ನಿಂತಿದ್ದಳು, ಕೈಯಲ್ಲಿ ಸೌಟು. ಹುಡುಗಿಯಾಗಿದ್ದಾಗ ಅಟ್ಟಾಡಿಸಿದ ಆ ಮುಖ ಈಗ ವೋಂಡಾಳನ್ನು ಬೇಡಿಕೊಳ್ಳುತ್ತಿತ್ತು.

"ಸರಿಯಾಗಿದೆ ಮಾವ," ಎಂದಳು ವೋಂಡಾ.

ಓಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಜೊತೆ ಕಾಫಿ ಕುಡಿಯಲು ಡ್ವೇನ್‌ಗೆ ಹೇಳಿ, ವೋಂಡಾ ಹಿತ್ತಲಿಗೆ ಬಂದಳು. ನೆಲ ಹೆಪ್ಪುಗಟ್ಟಿತ್ತು. ಬೇಲಿಯ ಪಕ್ಕ ಕತ್ತರಿಸಿ ಬಿಟ್ಟ ಗುಲಾಬಿ ಗಿಡಗಳು, ಬರೀ ಮುಳ್ಳು. ಬುಡದ ಹಿಮದ ಮೇಲೆ ಬೂದುಬಣ್ಣದ ಪುಡಿ ತೆಳ್ಳಗೆ ಹರಡಿತ್ತು. ನವೆಂಬರಿನಲ್ಲಿ ಗುಲಾಬಿಗೆ ಗೊಬ್ಬರ ಹಾಕುವವರು ಯಾರು? ವೋಂಡಾ ಮೊಣಕಾಲೂರಿ ಒಂದು ಚಿಟಿಕೆಯನ್ನು ಕಾಗದದ ಮೇಲೆ ಎತ್ತಿಕೊಂಡಳು. ಕಡ್ಡಿ. ಹಕ್ಕಳೆ. ಕಡ್ಡಿ.

ಡೆಲ್ಫಾ ಹಿಂದೆಯೇ ಬಂದಿದ್ದಳು. "ನಿನ್ನೆ ಮಧ್ಯಾಹ್ನ ಬಿಚ್ಚಿದೆ. ಗುಂಡು, ಹಿತ್ತಾಳೆ ಹಿಟ್ಟಿನ ಡಬ್ಬದಲ್ಲಿದೆ. ಬೇರೆಯವರ ಕೈಗೆ ಸಿಗಬಾರದು ಅಂತ."

"ದುಂಡನೆ ಬೊಟ್ಟು ನಿಮ್ದಾ ಅತ್ತೆ?"

ಡೆಲ್ಫಾ ಹೌದೆಂದು ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು, ತಡೆದು ತಡೆದು. ಓಕಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅವನು ಅದನ್ನು ಒಪ್ಪಿಕೊಂಡಿರಲಿಲ್ಲ. ಅವನು ತುಂಬಿದ್ದರಲ್ಲಿ ಮದ್ದು ಹೆಚ್ಚುಕಮ್ಮಿ ಆದದ್ದನ್ನು ಒಮ್ಮೆ ಅವಳು ಆಕಸ್ಮಿಕವಾಗಿ ಕಂಡಳು. ಅಂದಿನಿಂದ ಅವನು ಊಟ ಮಾಡಿ ಕುರ್ಚಿಯಲ್ಲೇ ತೂಕಡಿಸುವಾಗ ಹಿಂದಿನ ಕೋಣೆಗೆ ಹೋಗಿ, ಅವನು ತುಂಬಿದ್ದನ್ನೆಲ್ಲ ತೂಗಿ, ತಪ್ಪಿದ್ದನ್ನು ಬಿಚ್ಚಿ ಸರಿಮಾಡಿ, ಮತ್ತೆ ಬೊಟ್ಟಿಟ್ಟು ಡಬ್ಬಿಗೆ ಸೇರಿಸುತ್ತಿದ್ದಳು. ಅವನಿಗೆ ತಿಳಿಯಲಿಲ್ಲ, ಊರಿಗೂ ತಿಳಿಯಲಿಲ್ಲ. ಓಕಿಯ ಕೈ ಈಗಲೂ ಪಕ್ಕಾ ಎಂದು ಎಲ್ಲರೂ ಹೇಳುತ್ತಿದ್ದರು, ಅದನ್ನು ಕೇಳಿ ಅವನು ಎದೆಯುಬ್ಬಿಸಿ ಕೆಮ್ಮುತ್ತಿದ್ದ.

"ಹೋಬರ್ಟ್ ಮಾವನ ಡಬ್ಬಿ ವಿಷಯದಲ್ಲಿ ಏನಾಯ್ತು?"

"ಅವನು ಹಿಂದಿನ ದಿನ ತುಂಬಿದ ಪಿಸ್ತೂಲಿಂದು ಸರಿಮಾಡ್ತಿದ್ದೆ. ಅಳತೆ ಯಂತ್ರದಲ್ಲಿ ಮದ್ದಿತ್ತು. ಫೋನ್ ಬಂತು. ಎದ್ದು ಹೋದೆ. ಹಬ್ಬಕ್ಕೆ ಯಾರು ಯಾವ ಪೈ ಮಾಡೋದು ಅಂತ ಮಾತು, ಬೇಗ ಮುಗೀಲಿಲ್ಲ. ಬಂದವಳು ಪಿಸ್ತೂಲಿಂದು ಆಯ್ತು ಅನ್ಕೊಂಡು ಹೋಬರ್ಟಿನ ಡಬ್ಬಿ ತಗೊಂಡೆ. ಯಂತ್ರದಲ್ಲಿ ಉಳಿದ ಪಿಸ್ತೂಲಿನ ಮದ್ದಿನ ಮೇಲೇ ರೈಫಲ್ಲಿಂದು ಸುರಿದೆ. ಆಗ ಅವನ ಕುರ್ಚಿ ಕಿರುಗುಟ್ತು. ಎದ್ದುಬಿಟ್ಟ ಅಂತ ಗಾಬರಿ. ತೂಗಲಿಲ್ಲ, ಟಾರ್ಚ್ ಬಿಡ್ಲಿಲ್ಲ. ಮೂವತ್ತೆಂಟು ವರ್ಷ ಆ ಮನುಷ್ಯ ಬಡ್ಕೊಂಡಿದ್ದನ್ನೆಲ್ಲ ಒಂದೇ ಗಳಿಗೇಲಿ ಮೀರಿದೆ. ನನ್ನ ತಮ್ಮನ ಕೈಗೇ ಇಟ್ಟೆ."

"ಫೋನ್ ಮಾಡಿದ್ದು ಯಾರು?"

ಡೆಲ್ಫಾ ಗುಲಾಬಿ ಗಿಡ ನೋಡಿದಳು. ಹಬ್ಬಕ್ಕೆ ಪೈ ಹಂಚಿಕೊಳ್ಳುವುದು ಅವಳೂ ಅವಳ ತಮ್ಮನ ಹೆಂಡತಿ ವಿಲ್ಮಾಳೂ. ದೂರು ಕೊಟ್ಟವಳೂ ವಿಲ್ಮಾಳೇ.

"ಯಾರಾದ್ರೂ ಆಗ್ಲಿ. ಎತ್ತಿದ್ದು ನಾನು. ಅದನ್ನ ಬರೀಬೇಡ."

ವೋಂಡಾ ಅದನ್ನು ಬರೆಯಲಿಲ್ಲ.

"ಇನ್ನೊಂದು," ಎಂದಳು ಡೆಲ್ಫಾ. "ಅವನಿಗೆ ಕಣ್ಣಿನ ವಿಷಯ ಹೇಳ್ಬೇಡ. ನಾನೇ ಆಟ ಆಡೋಕೆ ಹೋಗಿ ಕೆಡಿಸ್ದೆ ಅನ್ನು. ಪೆದ್ದಿ ಅನ್ನು. ಜೈಲಿಗೆ ಬೇಕಾದ್ರೂ ಹಾಕು."

"ಕೋರ್ಟಲ್ಲಿ ಹೇಳಿಕೆ ಓದ್ತಾರೆ ಅತ್ತೆ. ಮಾವನೂ ಬಂದಿರ್ತಾರೆ. ಸುಳ್ಳು ಬರೆದ್ರೆ ವಕೀಲರು ನಂಬಲ್ಲ, ಮತ್ತೆ ಮಾವನ ಮೇಲೇ ಕೇಸು ಹಾಕಿ ಮೇಜು ಜಪ್ತಿಗೆ ಬರ್ತಾರೆ."

ಡೆಲ್ಫಾ ಏಪ್ರನ್ ಬಿಚ್ಚಿ ಮಡಿಸಿ ಬೇಲಿಗೆ ಹಾಕಿದಳು. ಅಜಾಗರೂಕತೆಯಿಂದ ಗಾಯ, ಮತ್ತು ಸಾಕ್ಷ್ಯನಾಶ. ಹನ್ನೊಂದೂ ಕಾಲಿಗೆ ಬಂಧನವೆಂದು ದಾಖಲಾಯಿತು. ವೋಂಡಾ ಕೈಕೋಳ ತೊಡಿಸಲಿಲ್ಲ. ಬೀನ್ಸ್ ಕಾಳು ತಳ ಹಿಡಿಯದಂತೆ ಒಲೆ ಆರಿಸಿ ಬರಲು ಬಿಟ್ಟಳು.

ಕಾರಣದ ಬಗ್ಗೆ ಸರಕಾರಿ ವಕೀಲರು ಒಂದು ಸಾಲು ಕೇಳಿದ್ದರು. ವೋಂಡಾ ಅರ್ಧ ಪುಟ ಬರೆದಳು. ಓಕಿಯ ಎದೆಯ ಎಕ್ಸ್‌ರೇ ನೋಡಿದ ಕಂಪನಿಯ ವೈದ್ಯ, ಶ್ವಾಸಕೋಶದ ಆ ಕಪ್ಪು ಗಣಿಯದಲ್ಲ, ಹಿತ್ತಲ ಕೋಳಿಗೂಡಿನ ಧೂಳಿನದು ಎಂದು ಬರೆದುಕೊಟ್ಟಿದ್ದ. ಪರಿಹಾರ ತಿರಸ್ಕಾರವಾಯಿತು. ಆಮೇಲೆ ಕಂಪನಿ ದಿವಾಳಿ ಎಂದು ಹೇಳಿ, ಹೆಸರು ಬದಲಿಸಿಕೊಂಡು ಪಕ್ಕದ ಗುಡ್ಡ ಅಗೆಯತೊಡಗಿತು. ಹಳೆಯ ಕೆಲಸಗಾರರ ಆಸ್ಪತ್ರೆ ಕಾರ್ಡು ದಿವಾಳಿಯ ಜೊತೆಗೇ ಹೋಯಿತು. ಸರಕಾರದ ವೃದ್ಧರ ವಿಮೆಗೆ ಓಕಿಗಿನ್ನೂ ವಯಸ್ಸಾಗಿರಲಿಲ್ಲ. ಅರ್ಧ ಗಂಟೆಯ ಕಣ್ಣಿನ ಶಸ್ತ್ರಚಿಕಿತ್ಸೆ ಹೀಗೆ ಎರಡು ವರ್ಷ ತಡವಾಯಿತು. ಹೊರಗಿನ ಜಗತ್ತು ಉಪಯೋಗಕ್ಕಿಲ್ಲ ಎಂದು ಕಾಗದದ ಮೇಲೆ ಮೊಹರು ಒತ್ತಿದ ಗಂಡ, ತನ್ನ ಹಿಂದಿನ ಕೋಣೆಯಲ್ಲಾದರೂ ಉಪಯೋಗಕ್ಕಿರಲಿ ಎಂದು ಆರೋಪಿ ಬಯಸಿದ್ದಳು. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ವಕೀಲರು ಕೆಂಪು ಗೆರೆ ಎಳೆದು ಕಳಿಸಿದರು. ವೋಂಡಾ ಅದನ್ನೇ ಇನ್ನೊಮ್ಮೆ ಬರೆದು ಕಳಿಸಿದಳು.

ಮೂರು ಗಂಟೆಗೆ ಮ್ಯಾಜಿಸ್ಟ್ರೇಟರ ಎದುರು ಡೆಲ್ಫಾಳ ಹೇಳಿಕೆ ಓದಿದರು. ಓಕಿ ಗಾಲಿಯ ಸಿಲಿಂಡರ್ ಎಳೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಪೊರೆಯ ಮಾತು, ತಕ್ಕಡಿಯ ಮಾತು, ಎರಡು ವರ್ಷದ ಮಾತು, ಎಲ್ಲವನ್ನೂ ಕೇಳಿದ. ವೋಂಡಾಗೆ ಅವನ ಕಡೆ ತಿರುಗಲು ಧೈರ್ಯ ಬರಲಿಲ್ಲ. ಅವನ ಸಿಲಿಂಡರಿನ ಸುಯ್ಲು ಮಾತ್ರ ಕೇಳುತ್ತಿತ್ತು. ಮುಂದಿನ ವಿಚಾರಣೆಗೆ ಹಾಜರಾಗುವ ಮಾತಿನ ಮೇಲೆ ಡೆಲ್ಫಾಳನ್ನು ಮನೆಗೆ ಬಿಟ್ಟರು.

ಅವಳು ಬಂದು ಗಂಡನಿಂದ ಒಂದು ಮಾರು ದೂರ ನಿಂತಳು, ಬೈಗಳಿಗೆ ಸಿದ್ಧಳಾಗಿ.

"ಹೋದ ವರ್ಷ ಪಾದ್ರಿ ಆ ದೊಡ್ಡ ಜಿಂಕೆ ಹೊಡೆದನಲ್ಲ," ಎಂದ ಓಕಿ. "ಅಷ್ಟು ದೂರದಿಂದ. ಅದು ನಿನ್ನ ಕಾಡತೂಸಾ?"

"ಆ ಡಬ್ಬೀಲಿ ನಿನ್ನವೂ ಇದ್ವು."

"ಕೇಳಿದ್ದಕ್ಕೆ ಹೇಳು."

"ನಂದೇ."

ಓಕಿ ಉಸಿರು ಕೂಡಿಸಿಕೊಂಡ. ಮುಖ ಬಿಗಿದೇ ಇತ್ತು. ದನಿಯಲ್ಲಿ ಮಾತ್ರ, ಯಾರಿಗೂ ತೋರಿಸಬಾರದೆಂದುಕೊಂಡಿದ್ದ ಹೆಮ್ಮೆ ಒಂದಿಷ್ಟು ಜಾರಿಬಂತು.

"ಮೊದಲು ಹೋಬರ್ಟ್ ಹತ್ರ ಹೋಗೋಣ. ನೀನು ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ," ಎಂದ. "ಇನ್ಮೇಲೆ ಆ ಸ್ಟೂಲಲ್ಲಿ ನೀನು ಕೂರು ಡೆಲ್ಫಿ. ಫೋನ್ ನಾನು ಎತ್ತೀನಿ."